ಒಂದ್ನಿಮಿಷ ಅಜ್ಜೀ, ಲಾಸ್ಟ್ ಝೋನು...

ಸಿರುಗುಪ್ಪದ ಚಿಕ್ಕಪ್ಪನ ಮನೆಗೆ ಹೋಗಿ ಬಂದು ಮೂರು ವಾರವಾಯಿತು. ಅಲ್ಲಿ ಚಿಕ್ಕಮ್ಮ ಒಂದು ಪ್ರಶ್ನೆ ಕೇಳಿದ್ದರು. ಅವತ್ತು ಉತ್ತರ ಹೇಳಲಾಗದೆ ಏನೋ ತೊದಲಿ ಸುಮ್ಮನಾದೆ. ಬೆಂಗಳೂರಿಗೆ ವಾಪಸ್ಸು ಬಂದಮೇಲೂ ಅದು ತಲೆಯಿಂದ ಹೋಗುತ್ತಿಲ್ಲ. ಬರೆದರೆ ನನಗೇ ಸ್ವಲ್ಪ ಸ್ಪಷ್ಟವಾಗಬಹುದು ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಪುರುಸೊತ್ತಿದ್ದಾಗ ಓದಿ.

ಆಗಿದ್ದು ಇಷ್ಟು. ನಮ್ಮಜ್ಜಿ ಚಿಕ್ಕಪ್ಪನ ಮನೆಯ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಆ ಹೊತ್ತಿಗೆ ಮನೆಯಲ್ಲಿದ್ದದ್ದು ಚಿಕ್ಕಪ್ಪನ ಮಗ ಒಬ್ಬನೇ, ಎರಡನೇ ಪಿಯುಸಿ ಓದುವ ಹುಡುಗ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಬಿಜಿಎಂಐ. ಅಜ್ಜಿ ಕೂಗಿದ್ದು ಅವನಿಗೆ ಕೇಳಿಸಿದೆ. "ಒಂದ್ನಿಮಿಷ ಅಜ್ಜೀ, ಲಾಸ್ಟ್ ಝೋನು" ಅಂದಿದ್ದಾನೆ. (ಆಡದವರಿಗೆ: ನೂರು ಜನ ಒಂದು ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿದು, ಬಂದೂಕು ಹುಡುಕಿಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತಾ ಹೋಗುವ ಆಟ ಇದು. ಆಡುವ ಜಾಗ ಸುತ್ತಲಿಂದಲೂ ಕುಗ್ಗುತ್ತಾ ಬರುತ್ತದೆ. ಆ ಕೊನೆಯ ಪುಟ್ಟ ವೃತ್ತವೇ ಲಾಸ್ಟ್ ಝೋನು.) ಆ ಒಂದು ನಿಮಿಷ ಎಷ್ಟು ನಿಮಿಷವಾಯಿತೋ, ಕೊನೆಗೆ ಪಕ್ಕದ ಮನೆಯವರು ಓಡಿ ಬಂದು ಅಜ್ಜಿಯನ್ನು ಎತ್ತಿದರು. ಮಣಿಕಟ್ಟಿನ ಎಲುಬು ಮುರಿದಿತ್ತು.

ನಾನು ಹೋದಾಗ ಅಜ್ಜಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಅವರಿಗೆ ಬೇಜಾರೇನೂ ಇದ್ದಂತೆ ಕಾಣಲಿಲ್ಲ, "ಬಿಡ್ರಿ, ಸಣ್ಣ ಹುಡುಗ" ಅಂತಿದ್ದರು. ಬೇಜಾರು ಪೂರ್ತಿ ಚಿಕ್ಕಮ್ಮನದು. "ಏನಪಾ, ನೀ ಕಂಪ್ಯೂಟರ್ ಓದಿದಾವ, ನೀನಾ ಹೇಳು. ದಿನಾ ಮಂದೀನ ಢಂ ಢಂ ಅಂತ ಸುಟ್ಟು ಸುಟ್ಟು ಇವನ ಮನಸ್ಸು ಕಲ್ಲಾಗೈತೋ ಏನು? ನಾಳೆ ಯಾರರ ಖರೇನಾ ಸಾಯಕತ್ತಿದ್ರೂ ಇವ ಹಿಂಗಾ ಕುಂದರ್ತಾನೇನು?"

ಹುಡುಗ ಗೋಡೆ ನೋಡುತ್ತಾ ಕೂತಿದ್ದ. ನಾನೂ ಗೋಡೆ ನೋಡಿದೆ. ಯಾಕೆಂದರೆ ಹೈಸ್ಕೂಲಿನಲ್ಲಿದ್ದಾಗ ಬಳ್ಳಾರಿಯ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ವೈಸ್ ಸಿಟಿ, ಐಜಿಐ ಆಡಿದವನು ನಾನೇ. ಹಾಸ್ಟೆಲ್ಲಿನಲ್ಲಿ ಲ್ಯಾನ್ ಕೇಬಲ್ ಎಳೆದು ರಾತ್ರಿಯಿಡೀ ಕೌಂಟರ್ ಸ್ಟ್ರೈಕ್ ಆಡಿದವನೂ ನಾನೇ. ಎಷ್ಟು ತಲೆ ಹಾರಿಸಿದ್ದೇನೋ ಲೆಕ್ಕವಿಲ್ಲ. ಹಾಗಾದರೆ ನನ್ನ ಮನಸ್ಸೂ ಕಲ್ಲಾಗಿದೆಯಾ?

*

ಹುಡುಕಲು ಕೂತಾಗ ಮೊದಲು ಹೊಳೆದದ್ದು, ಈ ಪ್ರಶ್ನೆ ಕಂಪ್ಯೂಟರಿಗಿಂತ ತುಂಬಾ ಹಳೆಯದು ಅನ್ನುವುದು. ಹಿಂಸೆಯ ಆಟ ನೋಡಿದರೆ, ಆಡಿದರೆ ಮನುಷ್ಯ ಕೆಡುತ್ತಾನಾ? ಇದಕ್ಕೆ ನಮ್ಮ ದೇಶದಲ್ಲಿ ಕಲ್ಲಿನ ಮೇಲೆ ಸಿಗುವ ಬಹಳ ಹಳೆಯ ಉತ್ತರ ಕೊಟ್ಟವನ ಗುರುತು ಚಿಕ್ಕಮ್ಮನ ತಾಲೂಕಿನಲ್ಲೇ ಇದೆ.

ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಸಣ್ಣ ಶಾಸನಗಳಿವೆ. ಎರಡೂ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ಅಶೋಕನ ಶಾಸನಗಳಲ್ಲಿ ಸಾಮಾನ್ಯವಾಗಿ ಅವನ ಹೆಸರಿರುವುದಿಲ್ಲ, 'ದೇವಾನಾಂಪ್ರಿಯ' ಅಂತಷ್ಟೇ ಇರುತ್ತದೆ. 'ಅಶೋಕ' ಅಂತ ಹೆಸರು ಹಿಡಿದು ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ಈ ಎರಡೂ ಸೇರಿವೆ. ಇನ್ನೊಂದು ಹೊಳೆಯಾಚೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. ಅದನ್ನು 1915ರಲ್ಲಿ ಪತ್ತೆ ಮಾಡಿದವರು ಬೀಡನ್ ಅನ್ನುವ ಚಿನ್ನದ ಗಣಿಯ ಇಂಜಿನಿಯರು. ಇಂಜಿನಿಯರುಗಳೂ ಆಗಾಗ ಉಪಯೋಗಕ್ಕೆ ಬರುತ್ತಾರೆ ಅನ್ನುವುದಕ್ಕೆ ಸಾಕ್ಷಿ :)

ನಿಟ್ಟೂರು, ಉಡೇಗೋಳದ ಶಾಸನಗಳಲ್ಲಿ ಯುದ್ಧದ ಮಾತಿಲ್ಲ. ತಂದೆತಾಯಿಯ ಮಾತು ಕೇಳಬೇಕು, ಹಿರಿಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅನ್ನುವ ಜಾತಿಯ ಬುದ್ಧಿಮಾತುಗಳಿವೆ. (ಹಿರಿಯರ ಮಾತು ಕೇಳಬೇಕು ಅನ್ನುವ ಭಾಗ ಚಿಕ್ಕಮ್ಮನಿಗೆ ಬಹಳ ಹಿಡಿಸಿತು.) ಯುದ್ಧದ ಮಾತು ಬೇಕೆಂದರೆ ಬಳ್ಳಾರಿಯಿಂದ ಗುಂತಕಲ್ ದಾಟಿ ಗುತ್ತಿಯ ಕಡೆ ಹೋಗಬೇಕು. ಅಲ್ಲಿ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಸಣ್ಣ ಶಾಸನಗಳ ಜೊತೆಗೆ ದೊಡ್ಡ ಬಂಡೆ ಶಾಸನಗಳೂ ಇವೆ. ಹದಿಮೂರನೆಯದರಲ್ಲಿ ಕಳಿಂಗದ ಲೆಕ್ಕ ಬರುತ್ತದೆ: ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು, ಒಂದು ಲಕ್ಷ ಜನರನ್ನು ಕೊಂದರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಸತ್ತವರಿಗಷ್ಟೇ ಅಲ್ಲ, ಸತ್ತವರನ್ನು ಪ್ರೀತಿಸುತ್ತಿದ್ದವರಿಗೂ ಆದ ನೋವು ತನ್ನನ್ನು ಕಾಡುತ್ತಿದೆ ಅಂತ ರಾಜ ಹೇಳಿಕೊಳ್ಳುತ್ತಾನೆ.

ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು ಮೊದಲನೇ ಶಾಸನ. ಅದರಲ್ಲಿ ಅಶೋಕ ಪ್ರಾಣಿಬಲಿ ಬೇಡ ಅನ್ನುತ್ತಾನೆ, ಹಾಗೇ 'ಸಮಾಜ' ನಡೆಸಬೇಡಿ ಅನ್ನುತ್ತಾನೆ. ಸಮಾಜ ಅಂದರೆ ಇವತ್ತಿನ ಅರ್ಥ ಅಲ್ಲ. ಜನ ಗುಂಪಾಗಿ ಸೇರಿ ಕುಣಿತ, ಕುಸ್ತಿ, ಪ್ರಾಣಿಗಳ ಕಾಳಗ, ಮಾಂಸ, ಹೆಂಡ ಅಂತ ನಡೆಸುತ್ತಿದ್ದ ಜಾತ್ರೆಯಂಥದ್ದು ಅಂತ ವಿದ್ವಾಂಸರು ವಿವರಿಸುತ್ತಾರೆ. ಅದರಲ್ಲಿ ರಾಜನಿಗೆ ಬಹಳ ದೋಷ ಕಾಣುತ್ತದಂತೆ. ಅಂದರೆ ಚಿಕ್ಕಮ್ಮನ ಪಕ್ಷ!

ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಶಾಸನದಲ್ಲಿ, ಕೆಲವು ಸಮಾಜಗಳು ಒಳ್ಳೆಯವು ಅಂತಲೂ ಇದೆ. ನಾಲ್ಕನೇ ಶಾಸನಕ್ಕೆ ಬಂದರೆ ರಾಜ ತಾನೇ ಪ್ರದರ್ಶನ ಏರ್ಪಡಿಸುತ್ತಾನೆ. ಯುದ್ಧದ ಭೇರಿಯ ಸದ್ದು ಹೋಗಿ ಈಗ ಧರ್ಮದ ಸದ್ದು ಕೇಳಿಸುತ್ತಿದೆ ಅಂತ ಹೇಳಿ, ಜನರಿಗೆ ವಿಮಾನಗಳನ್ನು, ಆನೆಗಳನ್ನು, ಬೆಂಕಿಯ ರಾಶಿಯನ್ನು, ದಿವ್ಯರೂಪಗಳನ್ನು ತೋರಿಸಿದ್ದಾಗಿ ಬರೆಸುತ್ತಾನೆ. ಅದೇ ಭೇರಿ, ಅದೇ ಗುಂಪು, ಉದ್ದೇಶ ಮಾತ್ರ ಬೇರೆ. ನನಗೆ ಕುತೂಹಲ ಹುಟ್ಟಿಸಿದ್ದು ಇದು. ಒಂದು ಲಕ್ಷ ಸಾವು ಮಾಡಿಸಿದ ಮನುಷ್ಯನಿಗೂ ಆಟ-ನೋಟವನ್ನು ಪೂರ್ತಿ ನಿಲ್ಲಿಸಬೇಕು ಅನ್ನಿಸಲಿಲ್ಲ. ಯಾವುದು, ಹೇಗೆ ಅನ್ನುವುದು ಮುಖ್ಯ ಅನ್ನಿಸಿತು. ಅವನ ಮನಸ್ಸು ತಿರುಗಿದ್ದೂ ಆಟ ಬಿಟ್ಟಿದ್ದರಿಂದಲ್ಲ, ನಿಜವಾದ ಸಾವುಗಳಿಂದ.

*

ಇನ್ನು ಕುರುಗೋಡು. ನಮ್ಮಮ್ಮನ ತವರು ಆ ಕಡೆಯ ಒಂದು ಹಳ್ಳಿ. ಕುರುಗೋಡು ಅಂದರೆ ಈಗ ದೊಡ್ಡಬಸವೇಶ್ವರ, ಆ ದೊಡ್ಡ ಏಕಶಿಲಾ ಬಸವಣ್ಣ, ಜಾತ್ರೆ. 12ನೇ ಶತಮಾನದಲ್ಲಿ ಅದು ಕಲ್ಯಾಣದ ಚಾಲುಕ್ಯರ ಕೈಕೆಳಗಿದ್ದ ಸಿಂದ ಮಾಂಡಲಿಕರ ರಾಜಧಾನಿ. ಬೆಟ್ಟದ ಮೇಲೆ ಕೋಟೆ, ಬುಡದಲ್ಲಿ ಸಾಲು ಗುಡಿಗಳು. ಕೋಟೆ ಇದ್ದ ಕಡೆ ಕಾಳಗ, ಕಾಳಗ ಇದ್ದ ಕಡೆ ವೀರಗಲ್ಲು. ವೀರಗಲ್ಲನ್ನು ನೀವೆಲ್ಲ ನೋಡಿರುತ್ತೀರಿ. ಕೆಳಗಿನ ಅಂತಸ್ತಿನಲ್ಲಿ ಕತ್ತಿ, ಬಾಣ, ಬಿದ್ದ ಹೆಣ. ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಕೈಲಾಸ, ಶಿವಲಿಂಗ, ಸೂರ್ಯ ಚಂದ್ರ. ಹಿಂಸೆಯ ಚಿತ್ರವೇ, ಆದರೆ ಅದು ಮೂರರಲ್ಲಿ ಒಂದು ಭಾಗ. ಇರಿದವನು ಎಲ್ಲಿಗೆ ಹೋದ ಅಂತ ಹೇಳಿ ಮುಗಿಸದೆ ಶಿಲ್ಪಿ ಉಳಿ ಕೆಳಗಿಡುತ್ತಿರಲಿಲ್ಲ.

ಅಮ್ಮನ ಅಪ್ಪ ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಬಣ್ಣ ಹಚ್ಚುವುದು ಬಿಟ್ಟಿದ್ದರು, ನನಗೆ ಗೊತ್ತಿರುವುದೆಲ್ಲ ಅಮ್ಮ ಹೇಳಿದ್ದು. ದೊಡ್ಡಾಟ ರಾತ್ರಿ ಊಟ ಆದಮೇಲೆ ಗಣಪತಿ ಸ್ತುತಿಯಿಂದ ಶುರು. ಒಬ್ಬೊಬ್ಬ ಪಾತ್ರಧಾರಿ ಬಂದಾಗಲೂ ಸಾರಥಿ ನಿಂತು, ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳಬೇಕು, ಅವನು ಹೇಳಬೇಕು. ಆಮೇಲೆ ಯುದ್ಧ, ಅಬ್ಬರ, ಅಟ್ಟದ ಹಲಗೆ ಮುರಿಯುವ ಹಾಗೆ ಕುಣಿತ, ವಧೆ. ಬೆಳಗಿನ ಜಾವ ಮಂಗಳ ಹಾಡಿ ಆರತಿ ಎತ್ತಿದರೆ ಆಟ ಮುಗಿಯಿತು. ಅಮ್ಮ ಸಣ್ಣವಳಿದ್ದಾಗ ರಾಕ್ಷಸನ ವೇಷದ ಅಪ್ಪನನ್ನು ನೋಡಿ ಹೆದರಿ, ಬೆಳಿಗ್ಗೆ ಮನೆಗೆ ಬಂದಾಗಲೂ ಹತ್ತಿರ ಹೋಗುತ್ತಿರಲಿಲ್ಲವಂತೆ. ಅಜ್ಜ ಹಿತ್ತಲಿಗೆ ಹೋಗಿ ಎಣ್ಣೆ ಹಚ್ಚಿ ಬಣ್ಣ ತಿಕ್ಕಿ ತೊಳೆದು, ಮುಖ ತೋರಿಸಿ, "ಬಾ ಈಗ" ಅನ್ನುತ್ತಿದ್ದರಂತೆ. ಬಣ್ಣ ಇರುವ ತನಕ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. "ಬಣ್ಣದಾಗ ಇದ್ದಾಗ ಜಗಳ ಆಡಬಾರದು, ಕೈ ಎತ್ತಬಾರದು" ಅನ್ನುವುದು ಅವರ ನಿಯಮ. ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ಅಜ್ಜ ಪಾಲಿಸುತ್ತಿದ್ದರು.

ಬಳ್ಳಾರಿ ಸೀಮೆಯಲ್ಲಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕ ಆಡದ ಹಳ್ಳಿ ಹುಡುಕಬೇಕು. ಕುರುಕ್ಷೇತ್ರ ಮುಗಿದಮೇಲಿನ ಕಥೆ ಅದು. ಅಶ್ವತ್ಥಾಮ ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದ ರಾತ್ರಿ. ಇದಕ್ಕಿಂತ ಹಿಂಸೆ ಇನ್ನೇನು ಬೇಕು? ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ (2020ರಲ್ಲಿ ತೀರಿಕೊಂಡರು) ಆ ನಾಟಕದ ದ್ರೌಪದಿಯಾಗಿ ಮನೆಮಾತಾದವರು. ವರ್ಷ ವರ್ಷ ನೋಡಿದ ಮಂದಿ ಮಕ್ಕಳ ಸಾವಿಗೆ ಮರಗಟ್ಟಿ ಹೋದರಾ? ಅಮ್ಮ ಹೇಳುವ ಪ್ರಕಾರ, ಕಥೆ ಪೂರ್ತಿ ಬಾಯಿಪಾಠ ಇದ್ದವರೇ ಜಾಸ್ತಿ ಅಳುತ್ತಿದ್ದದ್ದು.

ಇನ್ನೊಂದು, ತೊಗಲು ಗೊಂಬೆ. ಬಿಳಿ ಪರದೆ, ಹಿಂದೆ ದೀಪ, ಪರದೆಗೆ ಒತ್ತಿ ಹಿಡಿದ ಬಣ್ಣದ ತೊಗಲಿನ ಗೊಂಬೆಗಳ ಬಡಿದಾಟ. ಹಿಂದಿನಿಂದ ಬೆಳಕು ಬೀಳುವ ಪರದೆಯ ಮೇಲೆ ಪುಟ್ಟ ಆಕೃತಿಗಳು ಹೊಡೆದಾಡುವುದು ಅಂದರೆ ಮೊಬೈಲಿನ ಮುತ್ತಾತನೇ ಅಲ್ಲವೇ? ಅದರಲ್ಲೂ ಯುದ್ಧದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ, ಇದು ಆಟ ಕಣ್ರೋ ಅಂತ ನೆನಪಿಸಿ ಹೋಗುತ್ತಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ಪರದೆಯ ಮೇಲೆ ಸ್ವಾತಂತ್ರ್ಯ ಹೋರಾಟವನ್ನು, ಗಾಂಧಿಯನ್ನು ತಂದರು. ಯಾವುದು, ಹೇಗೆ ಅನ್ನುವ ಅಶೋಕನ ಪ್ರಶ್ನೆಗೆ ಅದೂ ಒಂದು ಉತ್ತರ. 2023ರ ಏಪ್ರಿಲ್‌ನಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

*

ಈಗ ವಿಡಿಯೋ ಗೇಮಿನ ಕಥೆ. 1976ರಲ್ಲಿ ಅಮೆರಿಕದ ಎಕ್ಸಿಡಿ ಕಂಪನಿ 'ಡೆತ್ ರೇಸ್' ಅನ್ನುವ ಆಟ ತಂದಿತು. ಕಪ್ಪು ಬಿಳುಪು ಪರದೆಯ ಮೇಲೆ ಓಡುವ ಕಡ್ಡಿಗೊಂಬೆಗಳ ಮೇಲೆ ಕಾರು ಹತ್ತಿಸಬೇಕು, ಸತ್ತ ಕಡೆ ಒಂದು ಶಿಲುಬೆ ಮೂಡುತ್ತದೆ. ಅಷ್ಟಕ್ಕೇ ದೊಡ್ಡ ಗಲಾಟೆಯಾಯಿತು. 1992ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಬಂತು. ಅದರ ಒಂದು ಆವೃತ್ತಿಯಲ್ಲಿ ನಿಂಟೆಂಡೊದವರು ರಕ್ತ ತೆಗೆದು ಬೂದು ಬಣ್ಣದ ಬೆವರು ಹಾಕಿಸಿದರು. 1993ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ, ಅದೇ ಡಿಸೆಂಬರಿನಲ್ಲಿ 'ಡೂಮ್' ಬಿಡುಗಡೆ, ಮರುವರ್ಷ ಆಟಗಳಿಗೆ ವಯಸ್ಸಿನ ಚೀಟಿ ಅಂಟಿಸುವ ಪದ್ಧತಿ. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಕ್ಕಳಿಗೆ ಹಿಂಸಾತ್ಮಕ ಗೇಮ್ ಮಾರಬಾರದು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನನ್ನು ತಳ್ಳಿಹಾಕಿತು.

ನಮ್ಮಲ್ಲಿ ಗಲಾಟೆ ಶುರುವಾದದ್ದು 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂದಮೇಲೆ. 2019ರ ಜನವರಿಯಲ್ಲಿ ಪರೀಕ್ಷೆಯ ಬಗ್ಗೆ ನಡೆದ ಕಾರ್ಯಕ್ರಮದಲ್ಲಿ ಒಬ್ಬ ತಾಯಿ ಮಗನ ಗೇಮ್ ಬಗ್ಗೆ ದೂರಿದಾಗ, ಪಬ್‌ಜಿಯವನಾ ಅಂತ ಪ್ರಧಾನಿಯೇ ಕೇಳಿ ನಗಿಸಿದರು. ಮಾರ್ಚಿನಲ್ಲಿ ರಾಜಕೋಟೆಯಲ್ಲಿ ನಿಷೇಧ ಹೇರಿ ಆಡುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದರು. ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ತಂದೆಯನ್ನು ಕೊಂದ ಆರೋಪದಲ್ಲಿ ಒಬ್ಬ ಯುವಕ ಬಂಧಿತನಾದ. ಪಬ್‌ಜಿ ಚಟ ಅಂತ ಪತ್ರಿಕೆಗಳೆಲ್ಲ ತಲೆಬರಹ ಕೊಟ್ಟವು. ನಮ್ಮ ಕಡೆಯ ಅಪ್ಪ ಅಮ್ಮಂದಿರ ಹೊಟ್ಟೆಯಲ್ಲಿ ಹುಳಿ ಹಿಂಡಿದ್ದು ಅದೇ ಸುದ್ದಿ. ಒಂದು ಮನೆಯಲ್ಲಿ ಆದ ಕೊಲೆಗೆ ಎಷ್ಟು ಕಾರಣಗಳಿರುತ್ತವೋ, ತಲೆಬರಹದಲ್ಲಿ ಹಿಡಿಸುವುದು ಒಂದೇ.

2020ರ ಸೆಪ್ಟೆಂಬರ್ 2ರಂದು ಪಬ್‌ಜಿ ದೇಶಾದ್ಯಂತ ನಿಷೇಧವಾಯಿತು. ಆದರೆ ಹಿಂಸೆಗಾಗಿ ಅಲ್ಲ. ಗಡಿಯಲ್ಲಿ ಚೀನಾ ಜೊತೆ ಗಲಾಟೆಯಾದ ಕಾಲದಲ್ಲಿ, ದೇಶದ ಭದ್ರತೆಯ ಕಾರಣ ಕೊಟ್ಟು 118 ಆ್ಯಪ್‌ಗಳನ್ನು ಒಟ್ಟಿಗೆ ತೆಗೆದರು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು, 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಹಾಜರ್. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು, ಅದು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಅಂದರೆ ಚಿಕ್ಕಮ್ಮನ ಪ್ರಶ್ನೆ ಇದ್ದಲ್ಲೇ ಇದೆ. ಬಿಜಿಎಂಐನಲ್ಲಿ ಮಾಡಿದ ತಿದ್ದುಪಡಿ ನೋಡಿ: ರಕ್ತದ ಬಣ್ಣ ಹಸಿರು, 'ಕಿಲ್' ಅನ್ನುವ ಕಡೆ 'ಫಿನಿಶ್'. ಬೂದು ಬೆವರಿನ ಉಪಾಯವೇ, ಇಪ್ಪತ್ತೆಂಟು ವರ್ಷ ಆದಮೇಲೆ.

*

ಹಾಗಾದರೆ ಪರೀಕ್ಷೆ ಮಾಡಿ ನೋಡಿದವರು ಏನಂತಾರೆ? ಮೊದಲು ಚಿಕ್ಕಮ್ಮನ ಪರವಾಗಿರುವುದನ್ನು ಹೇಳುತ್ತೇನೆ. ಮರಗಟ್ಟುವಿಕೆ ಅನ್ನುವುದು ಸುಳ್ಳಲ್ಲ. ಹಾವು ಕಂಡರೆ ಹೆದರುವವರಿಗೆ ಹಂತ ಹಂತವಾಗಿ ಅಭ್ಯಾಸ ಮಾಡಿಸಿ ಭಯ ಬಿಡಿಸುವ ಚಿಕಿತ್ಸೆ 1950ರ ದಶಕದಿಂದಲೂ ಇದೆ. ಭಯ ಕಳೆಯಬಹುದಾದರೆ ಹೇಸಿಗೆ, ಕನಿಕರವನ್ನೂ ಯಾಕೆ ಕಳೆಯಬಾರದು? 2007ರಲ್ಲಿ ಕಾರ್ನೆಗಿ, ಆಂಡರ್ಸನ್ ಮತ್ತು ಬುಶ್‌ಮನ್ ಅನ್ನುವ ಮೂವರು ಅಮೆರಿಕದಲ್ಲಿ 257 ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ 20 ನಿಮಿಷ ಗೇಮ್ ಆಡಿಸಿದರು. ಕೆಲವರಿಗೆ ಹೊಡೆದಾಟದ್ದು, ಕೆಲವರಿಗೆ ಅಲ್ಲದ್ದು. ಆಮೇಲೆ ನಿಜವಾದ ಹಿಂಸೆಯ 10 ನಿಮಿಷದ ವಿಡಿಯೋ ತೋರಿಸಿದರು. ಹೊಡೆದಾಟದ ಆಟ ಆಡಿದವರ ಎದೆಬಡಿತ ಮತ್ತು ಚರ್ಮದ ಬೆವರಿನ ಏರಿಕೆ ಕಡಿಮೆ ಇತ್ತು. 2009ರಲ್ಲಿ ಬುಶ್‌ಮನ್ ಮತ್ತು ಆಂಡರ್ಸನ್ ಇನ್ನೊಂದು ಪ್ರಯೋಗ ಮಾಡಿದರು. ಆಟ ಮುಗಿದ ಸ್ವಲ್ಪ ಹೊತ್ತಿಗೆ ಬಾಗಿಲಾಚೆ ಜಗಳ, ಯಾರಿಗೋ ಪೆಟ್ಟಾಗಿ ನರಳುವ ಸದ್ದು ಕೇಳಿಸಿದರು, ನಾಟಕದ್ದು. ಹೊಡೆದಾಟದ ಆಟ ಆಡಿದವರು ಎದ್ದು ಹೋಗಿ ಸಹಾಯ ಮಾಡಲು ಎಷ್ಟೋ ಹೆಚ್ಚು ಹೊತ್ತು ತೆಗೆದುಕೊಂಡರು.

ಇದನ್ನು ಓದುವಾಗ ನನಗೆ ಅಜ್ಜಿಯ ಬಚ್ಚಲು ನೆನಪಾಗಿ ಹೊಟ್ಟೆ ತೊಳೆಸಿದ ಹಾಗಾಯಿತು.

ಈಗ ಇನ್ನೊಂದು ಪಕ್ಷ. 2017ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ, ವರ್ಷಗಟ್ಟಲೆ ದಿನಾ ಗಂಟೆಗಟ್ಟಲೆ ಇಂಥ ಆಟ ಆಡಿದವರನ್ನೇ ಆರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಪರೀಕ್ಷೆಗೆ ಮುಂಚೆ ಕೆಲವು ಗಂಟೆ ಆಡುವಂತಿರಲಿಲ್ಲ. ಅನುಕಂಪದ ಪ್ರತಿಕ್ರಿಯೆಯಲ್ಲಿ ಆಡದವರಿಗೂ ಇವರಿಗೂ ವ್ಯತ್ಯಾಸ ಸಿಗಲಿಲ್ಲ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದೊಡ್ಡವರ ಕೈಯಲ್ಲಿ ಎರಡು ತಿಂಗಳು ದಿನಾ ಜಿಟಿಎ ಆಡಿಸಿದರು, ಸಿಟ್ಟು, ಅನುಕಂಪ ಎರಡರಲ್ಲೂ ಗಣನೀಯ ಬದಲಾವಣೆ ಕಾಣಲಿಲ್ಲ. 2019ರಲ್ಲಿ ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರ ಅಧ್ಯಯನದಲ್ಲೂ ಹಿಂಸೆಯ ಆಟಕ್ಕೂ ಆಕ್ರಮಣಕಾರಿ ನಡವಳಿಕೆಗೂ ನಂಟು ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ, ನಿಜಜೀವನದ ಹಿಂಸಾಚಾರವನ್ನು ಗೇಮ್‌ಗಳ ತಲೆಗೆ ಕಟ್ಟುವುದಕ್ಕೆ ಸಾಕಷ್ಟು ಆಧಾರವಿಲ್ಲ ಅಂತ ಹೇಳಿತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ಒಂದು ವಿಷಯ ಕಾಣುತ್ತದೆ. ಮಂಕು ಕವಿಯುತ್ತದೆ ಅಂದವರು ಅಳೆದದ್ದು ಆಟ ಮುಗಿದ ಕೆಲವೇ ನಿಮಿಷಗಳಲ್ಲಿ. ಇಲ್ಲ ಅಂದವರು ಅಳೆದದ್ದು ಕೆಲವು ಗಂಟೆ, ದಿನ, ತಿಂಗಳು ಕಳೆದಮೇಲೆ. ಎರಡೂ ನಿಜ ಇರಬಹುದು. ಆಟ ಬಿಟ್ಟೇಳುವಾಗ ಮುಖದ ಮೇಲೆ ಸ್ವಲ್ಪ ಹೊತ್ತು ಬಣ್ಣ ಇರುತ್ತದೆ. ನಮ್ಮಜ್ಜನಿಗೆ ಇದು ಪ್ರಯೋಗವಿಲ್ಲದೇ ಗೊತ್ತಿತ್ತು.

ಇನ್ನೂ ಒಂದು ಗೊಂದಲ ಬಿಡಿಸಬೇಕು. ಕನಿಕರ ಇಲ್ಲದಿರುವುದು ಬೇರೆ, ಬಿಟ್ಟೇಳಲು ಆಗದಿರುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, 2022ರಿಂದ ಅದು ಜಾರಿಯಲ್ಲಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ಕ್ಲಿನಿಕ್ ಇದೆ. ಅದು ಹಿಂಸೆಯ ಪ್ರಶ್ನೆಯಲ್ಲ, ಚಟದ ಪ್ರಶ್ನೆ. ಅಜ್ಜಿ ಕೂಗಿದಾಗ ಹುಡುಗ ಕ್ಯಾಂಡಿ ಕ್ರಶ್ ಆಡುತ್ತಿದ್ದರೂ "ಒಂದ್ನಿಮಿಷ" ಅನ್ನುತ್ತಿದ್ದನೋ ಏನೋ. ಆಫೀಸಿನಲ್ಲಿ ಪ್ರೊಡಕ್ಷನ್ ಸಮಸ್ಯೆ ನೋಡುತ್ತಿದ್ದಾಗ ಅಮ್ಮನ ಫೋನಿಗೆ ನಾನೂ ಎಷ್ಟು ಸಲ ಅಂದಿಲ್ಲ?

*

ಇಷ್ಟೆಲ್ಲ ಓದುವುದಕ್ಕೆ ಮುಂಚೆ, ಸಿರುಗುಪ್ಪದಲ್ಲಿದ್ದಾಗಲೇ ನಡೆದದ್ದೊಂದನ್ನು ಹೇಳಬೇಕು. ಹುಡುಗನ ಮೂಡು ಸರಿಹೋಗಲಿ ಅಂತ ನಿಟ್ಟೂರಿನ ಶಾಸನ ನೋಡಲು ಬೈಕಿನಲ್ಲಿ ಕರೆದುಕೊಂಡು ಹೊರಟೆ. ಎರಡೂ ಕಡೆ ಭತ್ತದ ಗದ್ದೆ, ಕಾಲುವೆ. ದಾರಿಯಲ್ಲಿ ಒಂದು ಕಡೆ ಗುಂಪು ಸೇರಿತ್ತು. ಟ್ರ್ಯಾಕ್ಟರಿನಿಂದ ಬಿದ್ದ ಕೆಸರಿನ ಮೇಲೆ ಬೈಕು ಜಾರಿ ಒಬ್ಬರು ಬಿದ್ದಿದ್ದರು, ತಲೆಯಿಂದ ರಕ್ತ. ನಾಲ್ಕೈದು ಜನ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ನಾನು ಬೈಕು ನಿಲ್ಲಿಸಿ 108ಕ್ಕೆ ಫೋನ್ ಮಾಡುವಷ್ಟರಲ್ಲಿ ನಮ್ಮ ಹುಡುಗ ಅಂಗಿ ಬಿಚ್ಚಿ, ಅವರ ತಲೆಗೆ ಒತ್ತಿ ಹಿಡಿದು ನೆಲದಲ್ಲಿ ಕೂತಿದ್ದ. ಆಂಬುಲೆನ್ಸ್ ಬರುವ ತನಕ ಕೈ ತೆಗೆಯಲಿಲ್ಲ. ಕೈ ಗಡಗಡ ನಡುಗುತ್ತಿತ್ತು. ಗಾಡಿ ಹೋದಮೇಲೆ ಕಾಲುವೆಯಲ್ಲಿ ಕೈ ತೊಳೆಯುತ್ತಾ ಹೇಳಿದ: "ಅಣ್ಣಾ, ರಕ್ತ ಅಷ್ಟು ಬಿಸಿ ಇರತೈತಿ ಅಂತ ಗೊತ್ತಾ ಇರಲಿಲ್ಲ."

ಅವತ್ತು ನಿಟ್ಟೂರಿಗೆ ಹೋಗಲಿಲ್ಲ. ರಾತ್ರಿ ಅವನು ಊಟ ಮಾಡಲಿಲ್ಲ. ಆ ಮನುಷ್ಯ ಬದುಕಿದರು ಅಂತ ಮರುದಿನ ಗೊತ್ತಾಯಿತು.

ಆದರೆ ನಾನು ಹೇಳಬೇಕಾದದ್ದು ಅವನ ಬಗ್ಗೆ ಅಲ್ಲ, ನನ್ನ ಬಗ್ಗೆ. ಅದೇ ರಾತ್ರಿ ಒಂದು ವಾಟ್ಸಾಪ್ ಗುಂಪಿನಲ್ಲಿ ಆ ಅಪಘಾತದ ವಿಡಿಯೋ ಬಂತು. ಬನಿಯನ್ನಿನಲ್ಲಿ ಕೂತ ಹುಡುಗನ ಬೆನ್ನು ಕಾಣುತ್ತಿತ್ತು, ರಕ್ತ ಕಾಣುತ್ತಿತ್ತು. ಮೂರ್ನಾಲ್ಕು ಸೆಕೆಂಡು ನೋಡಿ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಮುಂದಕ್ಕೆ ತಳ್ಳಿತು. ಮುಂದಿನದು ಯಾರದೋ ಸಿಕ್ಸರು. ಅದನ್ನು ಅರ್ಧ ನೋಡಿದಮೇಲೆ ನನಗೆ ಅರಿವಾದದ್ದು, ಮಧ್ಯಾಹ್ನ ಎದುರಿಗೇ ನೋಡಿ ಬಾಯಿ ಒಣಗಿಸಿಕೊಂಡಿದ್ದ ಅದೇ ರಕ್ತ ಪರದೆಯ ಮೇಲೆ ಬಂದಾಗ ನನಗೆ ಏನೂ ಆಗಲಿಲ್ಲ. ನಾನು ಗೇಮ್ ಬಿಟ್ಟು ಐದು ವರ್ಷವಾಗಿದೆ.

ಒಂದು ಸ್ಯಾಂಪಲ್ಲಿನಿಂದ ಏನೂ ಸಾಬೀತಾಗುವುದಿಲ್ಲ, ಅದೂ ಸ್ವಂತ ಮನೆಯ ಸ್ಯಾಂಪಲ್ಲು. ಹುಡುಗ ಮೂರನೇ ದಿನ ಮತ್ತೆ ಆಡಲು ಕೂತ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೆ ನನ್ನ ಅನುಮಾನ ಈಗ ಬೇರೆ ಕಡೆ ತಿರುಗಿದೆ. ದೊಡ್ಡಾಟಕ್ಕೆ ಸಾರಥಿ ಇದ್ದ, ಗೊಂಬೆಯಾಟಕ್ಕೆ ಕಿಳ್ಳೇಕ್ಯಾತ ಇದ್ದ, ವೀರಗಲ್ಲಿಗೆ ಮೇಲಿನ ಎರಡು ಅಂತಸ್ತು ಇತ್ತು. ಗೇಮ್ ಕೂಡ ಇದು ಆಟ ಅಂತ ಹೇಳಿಯೇ ಶುರುವಾಗುತ್ತದೆ. ಯಾವ ಸಾರಥಿಯೂ ಇಲ್ಲದೆ ಬರುವುದು ನಿಜವಾದ ಸಾವಿನ ವಿಡಿಯೋಗಳು, ಸಿಕ್ಸರಿಗೂ ಅಡುಗೆಗೂ ನಡುವೆ, ಆಟದ ಜಾಗದಲ್ಲಿ, ಆಟದ ವೇಗದಲ್ಲಿ. 2007ರ ಆ ಪ್ರಯೋಗದಲ್ಲಿ ಎದೆಬಡಿತ ಅಳೆದದ್ದೂ ಪರದೆಯ ಮೇಲಿನ ನಿಜ ಹಿಂಸೆಗೆ ಅನ್ನುವುದನ್ನು ಮರೆಯಬಾರದು. ಇದು ಸಂಶೋಧನೆಯಲ್ಲ, ನನ್ನ ಅನಿಸಿಕೆ ಅಷ್ಟೇ.

ಹೊರಡುವ ಹಿಂದಿನ ದಿನ ನಿಟ್ಟೂರಿಗೆ ಹೋದೆವು. ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ ಇಬ್ಬರಿಗೂ ಓದಲು ಬರುವುದಿಲ್ಲ. ಹುಡುಗ ಸ್ವಲ್ಪ ಹೊತ್ತು ನೋಡಿ ಕೇಳಿದ.

"ಇವ ಎಷ್ಟು ಮಂದೀನ ಕೊಂದಿದ್ದ ಅಣ್ಣಾ?"

"ಒಂದು ಲಕ್ಷ."

"ಒಂದ್ ಲಕ್ಷ ಕಿಲ್ಲಾ?" ಅಂದವನು, ಆ ಪದ ಬಾಯಿಗೆ ಬಂದದ್ದಕ್ಕೆ ತಾನೇ ಬೆಚ್ಚಿದವನ ಹಾಗೆ ಸುಮ್ಮನಾದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈಯಲ್ಲಿ ಏನೂ ಇರಲಿಲ್ಲ.

ಮೊನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿ ಕೊನೆಗೂ ಉತ್ತರ ಹೇಳಿದೆ. ಅವನ ಮನಸ್ಸು ಕಲ್ಲಾಗಿಲ್ಲ ಚಿಕ್ಕಮ್ಮ, ಆದರೆ ಅವನ ಆಟಕ್ಕೆ ಮಂಗಳ ಇಲ್ಲ. ಒಂದು ಮ್ಯಾಚು ಮುಗಿದ ಕೂಡಲೇ ಇನ್ನೊಂದಕ್ಕೆ ಕರೆಯುತ್ತೆ, ಬಣ್ಣ ತೊಳೆಯೋಕೆ ಬಿಡಲ್ಲ, ಅದನ್ನ ನಾವೇ ಕಲಿಸಬೇಕು ಅಂತ ಅಶೋಕನಿಂದ ಹಿಡಿದು ಅಜ್ಜನವರೆಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಚಿಕ್ಕಮ್ಮ ಅಂದರು, "ಅದೆಲ್ಲ ಇರಲಿ, ಫೋನ್ ಕಸ್ಗೋಬೇಕೋ ಬ್ಯಾಡೋ, ಅದನ್ನ ಹೇಳು." :)

ಬೇಡ ಅಂದೆ. ಈಗ ಒಂದು ಒಪ್ಪಂದವಾಗಿದೆ. ದಿನಕ್ಕೆ ಎರಡು ಮ್ಯಾಚು. ಮುಗಿದಮೇಲೆ ಫೋನು ದೇವರ ಗೂಡಿನ ಪಕ್ಕ, ಮುಖ ತೊಳೆಯುವುದು, ಆಮೇಲೆ ಅಜ್ಜಿಯ ಹತ್ತಿರ ಹೋಗಿ ಕೂರುವುದು. ಪ್ಲಾಸ್ಟರ್ ತೆಗೆದಿದ್ದಾರೆ, ಡಾಕ್ಟರು ಹೇಳಿದ ಹಾಗೆ ಮೆತ್ತನೆಯ ಚೆಂಡು ಹಿಸುಕಿಸುವ ಕೆಲಸ ಅವನದು. ಅಜ್ಜಿ ಹತ್ತು ಸಲ ಹಿಸುಕಿ ಸಾಕು ಅಂತಾರಂತೆ, ಅವನು "ಇನ್ನೊಂದ್ ಸಲ ಅಜ್ಜೀ" ಅಂತಾನಂತೆ. ಎಷ್ಟು ದಿನ ನಡೆಯುತ್ತೋ ನೋಡಬೇಕು.

ನಿಮ್ಮ ಕಡೆ ಬಯಲಾಟ, ಯಕ್ಷಗಾನದಲ್ಲಿ ಬಣ್ಣ ಹಚ್ಚುವವರು ಇಂಥ ನಿಯಮಗಳನ್ನು ಇಟ್ಟುಕೊಂಡಿದ್ದರೆ ದಯವಿಟ್ಟು ತಿಳಿಸಿ. ಮಂಗಳ ಹಾಡುವುದನ್ನು ನನ್ನ ಹೆಬ್ಬೆರಳಿಗೂ ಕಲಿಸಬೇಕಾಗಿದೆ.